ಒಪ್ಪಿದವರ ನೋವು

ಮಗಳ ಬಾಣಂತನಕ್ಕೆಂದು 2023ರಲ್ಲಿ ದಸರಾ ರಜೆಗೆ ಒಂದಿಷ್ಟು ಗಳಿಕೆ ರಜೆಯನ್ನೂ ಸೇರಿಸಿಕೊಂಡು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿದ್ದೆ. ಹೋಗುವಾಗ ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಅಂಟಿನುಂಡೆ, ಬಾಣಂತಿ ಸಾರಿನ ಪುಡಿ, ಮೊಮ್ಮಗುವಿಗೆ ಹೊಲಿದ ಕುಲಾವಿ. ಬರುವಾಗ ತಲೆಯಲ್ಲಿ ತುಂಬಿಕೊಂಡು ಬಂದದ್ದು ನಾನು ಕಣ್ಣಿಂದ ಕಂಡೇ ಇಲ್ಲದ ಒಬ್ಬ ಆಟಗಾರನ ಬದುಕು. ಆಟವೆಂದರೆ ನನಗೆ ಅಷ್ಟಕ್ಕಷ್ಟೆ. ಹಾಗಿರುವಾಗ ಇದು ನನಗೆ ಹೇಗೆ ಅಂಟಿಕೊಂಡಿತು ಎಂಬುದನ್ನು ಹೇಳಿಯೇ ಮುಂದೆ ಹೋಗಬೇಕು.

ಆ ಊರಿನಲ್ಲಿ ಭಾನುವಾರ ಎಂದರೆ ಫುಟ್ಬಾಲ್. ನಮ್ಮ ಫುಟ್ಬಾಲ್ ಅಲ್ಲ, ಅಮೆರಿಕನ್ನರದು; ಕಾಲಿಗಿಂತ ಕೈಗೇ ಅದರಲ್ಲಿ ಕೆಲಸ ಹೆಚ್ಚು. ಸ್ಟೀಲರ್ಸ್ ಎಂಬುದು ಊರಿನ ತಂಡ. ಉಕ್ಕಿನ ಕಾರ್ಖಾನೆಗಳ ಊರಾಗಿತ್ತಲ್ಲ, ಅದಕ್ಕೇ ಆ ಹೆಸರು. ಪೆನ್ ಹಿಲ್ಸ್ ಗುಡ್ಡದ ಮೇಲಿರುವ ವೆಂಕಟೇಶ್ವರನ ಗುಡಿಗೆ ಹೋದರೆ ಅಲ್ಲಿಯೂ ಕಪ್ಪು ಹಳದಿ ಅಂಗಿಯ ಹುಡುಗರು ಮಂಗಳಾರತಿ ತೆಗೆದುಕೊಂಡು ಮ್ಯಾಚಿಗೆ ಹೊತ್ತಾಯಿತೆಂದು ಓಡುತ್ತಿದ್ದರು. ನಮ್ಮ ಅಳಿಯಂದಿರಿಗೂ ಅದೇ ಹುಚ್ಚು. ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ ಮೇಲೆ ನಾನೂ ಟಿವಿಯ ಮುಂದೆ ಕೂರುತ್ತಿದ್ದೆ, ಬೆಳ್ಳುಳ್ಳಿ ಸುಲಿಯುತ್ತ.

ಮೊದಲು ನನ್ನ ಕಣ್ಣಿಗೆ ಬಿದ್ದವರು ಚೆಂಡು ಹಿಡಿದು ಓಡುವವರಲ್ಲ, ಮಧ್ಯದಲ್ಲಿ ಬಗ್ಗಿ ಕೂತಿದ್ದ ಐದು ಜನ ದೈತ್ಯರು. ಪ್ರತಿ ಸಲವೂ ಅವರು ಎದುರಿನವರಿಗೆ ಢಿಕ್ಕಿ ಹೊಡೆಯುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಮತ್ತೆ ಬಂದು ಬಗ್ಗುತ್ತಾರೆ. ಚೆಂಡು ಅವರ ತಲೆಯ ಮೇಲೆ ಎಲ್ಲಿಗೋ ಹಾರಿಹೋಗಿರುತ್ತದೆ, ಕ್ಯಾಮೆರಾವೂ ಅದರ ಹಿಂದೆಯೇ ಹೋಗಿರುತ್ತದೆ.

"ಇವರ ಕೆಲಸ ಏನು?" ಎಂದು ಕೇಳಿದೆ.

"ಇವರು ಲೈನ್‌ಮನ್‌ಗಳು, ಅತ್ತೆ. ಹಿಂದೆ ನಿಂತು ಚೆಂಡೆಸೆಯುತ್ತಾನಲ್ಲ, ಅವನನ್ನು ಕಾಯುವುದು. ಓಡುವವನಿಗೆ ದಾರಿ ಬಿಡಿಸಿಕೊಡುವುದು. ಇವರು ಪಾಯಿಂಟ್ ಗಳಿಸುವುದಿಲ್ಲ. ಇವರ ಹೆಸರು ಕೇಳಿಬರುವುದು ತಪ್ಪು ಮಾಡಿದಾಗ ಮಾತ್ರ."

ನನಗೆ ನಗು ಬಂತು. ಒಳಗೆ ಮಲಗಿದ್ದ ಮಗಳೂ ನಕ್ಕಳು. ಇದನ್ನು ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು ಸರಿಯಾಗಿ ಬಿದ್ದ ಸಾರನ್ನು ಹೊಗಳಿದವರುಂಟೆ? ಆವತ್ತಿನಿಂದ ನಾನು ಚೆಂಡು ನೋಡುವುದನ್ನು ಬಿಟ್ಟು ಆ ಐವರನ್ನೇ ನೋಡತೊಡಗಿದೆ. ಅದನ್ನು ಕಂಡು ಅಳಿಯಂದಿರು ಒಂದು ಭಾನುವಾರ ಇದೇ ಊರಿನ ತಂಡದಲ್ಲಿ ಆಡಿದ ಮೈಕ್ ವೆಬ್‌ಸ್ಟರನ ಕಥೆ ಹೇಳಿದರು. ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ನಾನೇ ಓದಿದೆ.

ಮೈಕ್ ವೆಬ್‌ಸ್ಟರ್ ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಟೊಮಾಹಾಕ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಆಲೂಗಡ್ಡೆ ಬೆಳೆಯುವ ಹೊಲಮನೆಯಲ್ಲಿ. 1974ರಲ್ಲಿ ಸ್ಟೀಲರ್ಸ್ ತಂಡ ಅವನನ್ನು ಆರಿಸಿಕೊಂಡಿತು, ಅದೂ ಐದನೆಯ ಸುತ್ತಿನಲ್ಲಿ. ಆರಡಿ ಒಂದಂಗುಲ ಎತ್ತರ, ಸುಮಾರು 115 ಕಿಲೋ ತೂಕ. ನಮಗೆ ಭೀಮಕಾಯ ಎನಿಸುತ್ತದೆ, ಆ ಕೆಲಸಕ್ಕೆ ಅವನು ಸಣ್ಣವನೇ. ಆ ಕೊರತೆಯನ್ನು ಅವನು ದುಡಿದು ತುಂಬಿಕೊಂಡ. ಅವನ ಜಾಗ ಐವರ ನಟ್ಟನಡುವೆ, ಅದನ್ನು ಸೆಂಟರ್ ಎನ್ನುತ್ತಾರೆ. ಬಗ್ಗಿ ನಿಂತು ನೆಲದ ಮೇಲಿನ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಿನವನ ಕೈಗೆ ಕೊಡಬೇಕು. ಕೊಟ್ಟ ಆ ಕ್ಷಣದಲ್ಲೇ ಎದುರಿಗಿರುವವನ ಮೇಲೆ ಬೀಳಬೇಕು. ಕೈ ಇನ್ನೂ ಹಿಂದಿದೆ. ಮುಂದಿರುವುದು ತಲೆಯೊಂದೇ.

ಒಂದು ಆಟದಲ್ಲಿ ಇಂಥ ಢಿಕ್ಕಿ ಅರವತ್ತು ಎಪ್ಪತ್ತು ಸಲ. ವಾರವಿಡೀ ಅಭ್ಯಾಸದಲ್ಲಿ ಬೀಳುವುದು ಬೇರೆ. 1977ರವರೆಗೆ ಎದುರಾಳಿಯ ತಲೆಯ ಪಕ್ಕಕ್ಕೆ ಅಂಗೈಯಿಂದ ಬಾರಿಸುವುದಕ್ಕೂ ಆ ಆಟದ ನಿಯಮದಲ್ಲಿ ಅವಕಾಶವಿತ್ತಂತೆ. ವೆಬ್‌ಸ್ಟರ್ ಸ್ಟೀಲರ್ಸ್‌ಗಾಗಿ ಹದಿನೈದು ವರ್ಷ ಆಡಿದ, ಆಮೇಲೆ ಕಾನ್ಸಾಸ್ ಸಿಟಿಯ ತಂಡದಲ್ಲಿ ಇನ್ನೆರಡು ವರ್ಷ. ಅವನು ನಡುವೆ ನಿಂತ ಕಾಲದಲ್ಲಿ ತಂಡ ನಾಲ್ಕು ಸಲ ಸೂಪರ್ ಬೌಲ್ ಗೆದ್ದಿತು. ಹಿಮ ಬೀಳುವ ಚಳಿಯಲ್ಲೂ ತೋಳು ಬಿಟ್ಟು ಆಡುತ್ತಿದ್ದ. ಪ್ರತಿ ಸಲವೂ ತನ್ನ ಜಾಗಕ್ಕೆ ನಡೆದು ಬರುತ್ತಿರಲಿಲ್ಲ, ಓಡಿಕೊಂಡೇ ಬರುತ್ತಿದ್ದ. ವರ್ಷಾನುಗಟ್ಟಲೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಜನ ಅವನನ್ನು "ಐರನ್ ಮೈಕ್" ಎಂದು ಕರೆದರು. ಉಕ್ಕಿನ ಊರಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ.

1990ರಲ್ಲಿ ಆಟ ಮುಗಿಯಿತು. ಅಲ್ಲಿಂದಾಚೆಗಿನ ಕಥೆಯನ್ನು ಬಾಣಂತಿಯ ಮನೆಯಲ್ಲಿ ಕೂತು ಕೇಳಬಾರದಿತ್ತು. ಅವನ ಮಾತು ಎಲ್ಲಿಂದಲೋ ಎಲ್ಲಿಗೋ ಹೋಗತೊಡಗಿತು. ನೆನಪು ಕೈಕೊಟ್ಟಿತು, ಸಿಟ್ಟು ಹೆಚ್ಚಿತು. ದುಡ್ಡು ಎಲ್ಲೆಲ್ಲಿಯೋ ಹೋಯಿತು, ಸಂಸಾರ ಮುರಿಯಿತು. ನಾಲ್ಕು ಮಕ್ಕಳ ತಂದೆ ತನ್ನ ಟ್ರಕ್ಕಿನಲ್ಲಿ, ರೈಲು ನಿಲ್ದಾಣದಲ್ಲಿ ರಾತ್ರಿ ಕಳೆದ. 1997ರಲ್ಲಿ ಒಹಾಯೋ ರಾಜ್ಯದ ಕ್ಯಾಂಟನ್ನಿನಲ್ಲಿ ಅವನನ್ನು ಆ ಆಟದ ಕೀರ್ತಿಶಾಲೆಗೆ ಸೇರಿಸಿಕೊಂಡರು. ಅಷ್ಟು ವರ್ಷ ಅವನು ಯಾರನ್ನು ಕಾದಿದ್ದನೋ ಆ ಟೆರಿ ಬ್ರಾಡ್‌ಷಾ ಅವರೇ ಅವನನ್ನು ಸಭೆಗೆ ಪರಿಚಯಿಸಿದರು. ವೆಬ್‌ಸ್ಟರನ ಭಾಷಣ ಮಾತ್ರ ದಿಕ್ಕು ತಪ್ಪಿ ಅಲೆಯಿತು. ಅವನನ್ನು ಬಲ್ಲವರಿಗೆ ಆವತ್ತು ಚಪ್ಪಾಳೆ ತಟ್ಟುವುದೂ ಕಷ್ಟವಾಗಿರಬೇಕು. ಆಟಗಾರರ ಪಿಂಚಣಿ ಮಂಡಳಿ 1999ರಲ್ಲಿ, ತಲೆಗೆ ಬಿದ್ದ ಪೆಟ್ಟುಗಳಿಂದಲೇ ಇವನು ಯಾವ ಕೆಲಸಕ್ಕೂ ಆಗದವನಾಗಿದ್ದಾನೆ ಎಂದು ಒಪ್ಪಿಕೊಂಡಿತು. ಯಾವಾಗಿನಿಂದ ಆಗದವನಾದ ಎಂಬುದಕ್ಕೆ ಮಾತ್ರ ಜಗಳ ತೆಗೆಯಿತು. ದುಡ್ಡಿನ ಲೆಕ್ಕ ಅಲ್ಲಿತ್ತು. ಆ ಜಗಳ ಕೋರ್ಟಿಗೆ ಹೋಗಿ ಮನೆಯವರ ಪರವಾಗಿ ತೀರ್ಮಾನವಾದದ್ದು 2006ರ ಕೊನೆಗೆ, ಮೇಲ್ಮನವಿಯ ನ್ಯಾಯಾಲಯದಲ್ಲಿ. ಅಷ್ಟರಲ್ಲಿ ಅವನು ತೀರಿಹೋಗಿ ನಾಲ್ಕು ವರ್ಷವಾಗಿತ್ತು.

2002ರ ಸೆಪ್ಟೆಂಬರ್ 24ರಂದು ಇದೇ ಪಿಟ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ಅವನು ಹೃದಯಾಘಾತದಿಂದ ಸತ್ತ. ವಯಸ್ಸು ಐವತ್ತು. ಈಗಿನ ನನಗಿಂತ ಚಿಕ್ಕವನು.

ಹೆಣ ಕೊಯ್ದು ಪರೀಕ್ಷೆ ಮಾಡುವ ಸರದಿ ಡಾ. ಬೆನೆಟ್ ಒಮಾಲು ಎಂಬ ನೈಜೀರಿಯಾ ಮೂಲದ ವೈದ್ಯರಿಗೆ ಬಂತು. ಅವರಿಗೆ ಈ ಆಟದ ಗಂಧವೇ ಇರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು, ಅವರಿಗೆ ಕಂಡದ್ದು ಐರನ್ ಮೈಕ್ ಅಲ್ಲ, ಒಬ್ಬ ಮನುಷ್ಯ. ಮೆದುಳು ಹೊರನೋಟಕ್ಕೆ ಸರಿಯಾಗಿಯೇ ಇತ್ತು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಸ್ವಂತ ದುಡ್ಡು ಹಾಕಿ ಅದನ್ನು ತೆಳುವಾಗಿ ಕತ್ತರಿಸಿ ಪರೀಕ್ಷೆ ಮಾಡಿಸಿದರು. ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಂಡು ಮೆದುಳಿನ ಜೀವಕೋಶಗಳನ್ನು ಕೆಡಿಸಿತ್ತು. ಬಾಕ್ಸಿಂಗ್ ಆಡುವವರಲ್ಲಿ ಇಂಥ ಕಾಯಿಲೆ ಉಂಟೆಂದು 1928ರಷ್ಟು ಹಿಂದೆಯೇ ವೈದ್ಯರು ಬರೆದಿದ್ದರು. ಅಮೆರಿಕನ್ ಫುಟ್ಬಾಲ್ ಆಟಗಾರನ ಮೆದುಳಿನಲ್ಲಿ ಅದನ್ನು ತೋರಿಸಿಕೊಟ್ಟದ್ದು ಒಮಾಲು. 2005ರಲ್ಲಿ ಅವರ ಲೇಖನ ಅಚ್ಚಾಯಿತು. ಕಾಯಿಲೆಯ ಹೆಸರು ಉದ್ದ; ಚಿಕ್ಕದಾಗಿ ಸಿಟಿಇ ಎನ್ನುತ್ತಾರೆ.

ಅಷ್ಟು ದಪ್ಪ ಹೆಲ್ಮೆಟ್ ಇದ್ದೂ ಹೀಗೇಕೆ? ಇದನ್ನು ನಾನು ನಮ್ಮ ತಿಪಟೂರು ಸೀಮೆಯ ರೀತಿಯಲ್ಲಿ ಅರ್ಥಮಾಡಿಕೊಂಡೆ. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಒಳಗಿನ ಗಿಟುಕು ಕೊಬ್ಬರಿ ಕರಟಕ್ಕೆ ಬಡಿದು ಲೊಟಲೊಟ ಎನ್ನುತ್ತದೆ. ಕರಟದ ಮೇಲೆ ನಾರು ಎಷ್ಟೇ ದಪ್ಪವಿದ್ದರೂ ಒಳಗಿನದು ಬಡಿಯುವುದು ತಪ್ಪುವುದಿಲ್ಲ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆಯೊಳಗೆ ನೀರಿನಲ್ಲಿ ತೇಲುವಂತಿರುವ ಮೆದುಳನ್ನು ಕಾಯುವುದು ಅದರ ಕೈಲಾಗುವುದಿಲ್ಲ. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟೇ ಆಗಬೇಕೆಂದಿಲ್ಲ. ಯಾರ ಗಮನಕ್ಕೂ ಬಾರದ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಕೂಡುತ್ತ ಹೋದರೂ ಸಾಕು. ಲೈನ್‌ಮನ್‌ಗಳ ಪಾಲಿಗೆ ಬರುವುದು ಅಂಥವೇ.

ಲೀಗಿನ ವೈದ್ಯರು ಆ ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರ ಬರೆದರು. ಆದರೆ ಒಂದೊಂದಾಗಿ ಬೇರೆ ಆಟಗಾರರ ಮೆದುಳುಗಳೂ ಅದೇ ಮಾತು ಹೇಳಿದವು. 2017ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಲೀಗಿನಲ್ಲಿ ಆಡಿದ್ದ 111 ಜನರ ಮೆದುಳು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. 110ರಲ್ಲಿ ಆ ಕಾಯಿಲೆ ಇತ್ತು. ಏನೋ ಕೆಟ್ಟಿದೆ ಎಂಬ ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ದಾನ ಕೊಟ್ಟ ಮೆದುಳುಗಳು ಅವು. ಹಾಗಾಗಿ ಆಡಿದವರಿಗೆಲ್ಲ ಹೀಗೇ ಆಗುತ್ತದೆ ಎಂದು ಹೇಳುವಂತಿಲ್ಲ. ಆದರೂ 110 ಸಣ್ಣ ಸಂಖ್ಯೆಯಲ್ಲ. 2016ರಲ್ಲಿ ಲೀಗಿನ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸದಸ್ಯರ ಮುಂದೆ, ಆಟಕ್ಕೂ ಈ ಕಾಯಿಲೆಗೂ ಸಂಬಂಧ ಇದೆ ಎಂದು ಒಪ್ಪಿಕೊಂಡಿದ್ದರು. ವೆಬ್‌ಸ್ಟರ್ ಸತ್ತು ಆಗ ಹದಿನಾಲ್ಕನೆಯ ವರ್ಷ.

ಇಷ್ಟೆಲ್ಲ ಕೇಳಿ ನಾನು ಲೊಚಗುಟ್ಟಿದಾಗ ಅಳಿಯಂದಿರು ಒಂದು ಮಾತು ಹೇಳಿದರು. "ಅಯ್ಯೋ ಪಾಪ ಅನ್ನಿಸುತ್ತೆ, ಅತ್ತೆ. ಆದರೆ ಅವರನ್ನು ಯಾರೂ ಬಲವಂತ ಮಾಡಿರಲಿಲ್ಲವಲ್ಲ. ಅವರೇ ಇಷ್ಟಪಟ್ಟು ಆಡಿದ್ದು. ದುಡ್ಡು, ಹೆಸರು ಎರಡೂ ಬಂತು."

ಈ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆದರೂ ಅದು ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವಾಗ ಇದನ್ನೇ ಯೋಚಿಸಿದೆ. ಒಬ್ಬರು ತಾವಾಗಿ ಒಪ್ಪಿಕೊಂಡ ನೋವು ಯಾರ ಲೆಕ್ಕಕ್ಕೆ? ಅವರೊಬ್ಬರ ಲೆಕ್ಕಕ್ಕೇ? ಅದರಿಂದ ಗೆದ್ದವರಿಗೆ, ನೋಡಿ ಕುಣಿದವರಿಗೆ ಏನೂ ಸಂಬಂಧವಿಲ್ಲವೇ?

ಒಪ್ಪಿಗೆ ಎನ್ನುವುದಕ್ಕೆ ಮೊದಲು ತಿಳಿವಳಿಕೆ ಇರಬೇಕಲ್ಲ. 1974ರಲ್ಲಿ ಆ ಇಪ್ಪತ್ತೆರಡು ವರ್ಷದ ಹುಡುಗನಿಗೆ ಮಂಡಿ ಹೋದೀತು, ಬೆರಳು ಮುರಿದೀತು ಎಂಬುದು ಗೊತ್ತಿತ್ತು. ಅದಕ್ಕೆ ಒಪ್ಪಿದ್ದ. ಒಂದು ದಿನ ತಾನು ಯಾರೆಂಬುದೇ ಕೈತಪ್ಪಿ ಹೋದೀತು ಎಂದು ಅವನಿಗೆ ಹೇಳಿದವರು ಯಾರು? ಗೊತ್ತಿಲ್ಲದ್ದಕ್ಕೆ ಹಾಕಿದ ರುಜುವನ್ನು ನಾವು ಒಪ್ಪಿಗೆ ಎಂದು ಓದಬಹುದೇ?

ಇನ್ನು, ಬೇಡ ಎನ್ನುವುದಕ್ಕೂ ದಾರಿ ಇರಬೇಕು. ಜಾನ್ ಅರ್ಷೆಲ್ ಎಂಬ ಇನ್ನೊಬ್ಬ ಲೈನ್‌ಮನ್ ಇದ್ದಾರೆ, ಬಾಲ್ಟಿಮೋರಿನ ತಂಡದವರು. ಗಣಿತದಲ್ಲಿ ಮಹಾ ಪ್ರತಿಭಾವಂತರು. 2015ರಲ್ಲಿ ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದು, ಕೆಲಕಾಲ ದೊಡ್ಡ ಗಣಿತ ಮಾಡುವುದೇ ಕಷ್ಟವಾಗಿತ್ತು. 2017ರಲ್ಲಿ ಆ 110ರ ಲೆಕ್ಕ ಹೊರಬಿದ್ದ ಎರಡೇ ದಿನಕ್ಕೆ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ಆಟ ಬಿಟ್ಟರು. ಎಂಐಟಿಯಲ್ಲಿ ಡಾಕ್ಟರೇಟ್ ಮುಗಿಸಿ ಅಲ್ಲಿಯೇ ಗಣಿತದ ಅಧ್ಯಾಪಕರಾದರು. ಓದಿ ನನಗೆ ಬಹಳ ಸಂತೋಷವಾಯಿತು, ಟೀಚರಿಗೆ ಆಗಲೇಬೇಕಲ್ಲ. ಆದರೆ ಅವರಿಗೆ ಹೊರಗೆ ಹೋಗಲು ಇನ್ನೊಂದು ಬಾಗಿಲಿತ್ತು. ಆಲೂಗಡ್ಡೆ ಹೊಲದ ಹುಡುಗನಿಗೆ ಅಂಥದ್ದು ಎಷ್ಟು ತೆರೆದಿತ್ತು? ಇರುವುದು ಒಂದೇ ಬಾಗಿಲಾದಾಗ ಅದರಿಂದ ಹೊರಟವನನ್ನು ಇಷ್ಟಪಟ್ಟು ಹೊರಟ ಎನ್ನುವುದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು.

ಇಷ್ಟು ಯೋಚಿಸಿ ನಾನು ನೆಮ್ಮದಿಯಾಗಿ ಮಲಗಬಹುದಿತ್ತು. ತಪ್ಪು ಲೀಗಿನವರದು, ಆ ವೈದ್ಯರದು, ಟಿವಿಯವರದು. ಆದರೆ ನಿದ್ದೆ ಬರಲಿಲ್ಲ. ಯಾಕೆಂದರೆ ನನಗೆ ನೆನಪಾದದ್ದು ಅಮೆರಿಕದ ಮೈದಾನವಲ್ಲ, 1998ರ ನಮ್ಮ ತಾಲ್ಲೂಕು ಕ್ರೀಡಾಕೂಟ.

ಆಗ ನಮ್ಮ ಶಾಲೆಯಲ್ಲಿ ಪಿಟಿ ಮಾಸ್ತರರ ಹುದ್ದೆ ಖಾಲಿ ಇತ್ತು. ಹೆಣ್ಣುಮಕ್ಕಳ ಕಬಡ್ಡಿ ತಂಡವನ್ನು ಸಮಾಜ ಪಾಠದ ನಾನೇ ಕರೆದುಕೊಂಡು ಹೋಗಿದ್ದೆ. ತಂಡದಲ್ಲಿ ಒಬ್ಬಳು ಒಂಬತ್ತನೇ ಕ್ಲಾಸಿನ ಹುಡುಗಿ. ದಾಳಿಗೆ ಹೋಗುವವಳಲ್ಲ; ಮೂಲೆಯಲ್ಲಿ ನಿಂತು ಬಂದವರ ಕಾಲು ಕಚ್ಚಿ ಹಿಡಿಯುವವಳು. ಚಪ್ಪಾಳೆ ಬೀಳುತ್ತಿದ್ದದ್ದು ದಾಳಿಗೆ ಹೋಗುವವರಿಗೆ. ಫೈನಲ್‌ನಲ್ಲಿ ಎದುರು ಶಾಲೆಯ ಹುಡುಗಿಯ ಮಂಡಿ ಇವಳ ಕಪಾಲಕ್ಕೆ ಬಡಿಯಿತು. ಕಣ್ಣು ಒಂದು ತರಹ ಮಾಡಿ ಕೂತುಬಿಟ್ಟಳು. ನಾನು ಓಡಿಹೋಗಿ ಮುಖಕ್ಕೆ ನೀರು ಎರಚಿದೆ, ಬಾಯಿಗೆ ಗ್ಲೂಕೋಸ್ ಪುಡಿ ಹಾಕಿದೆ, "ಆಡ್ತೀಯಾ?" ಎಂದು ಕೇಳಿದೆ.

"ಏನೂ ಆಗಿಲ್ಲ, ಟೀಚರ್," ಎಂದಳು. ಎದ್ದು ನಿಂತಳು, ಆಡಿದಳು. ಎರಡು ಪಾಯಿಂಟಿನಲ್ಲಿ ನಾವು ಗೆದ್ದೆವು.

ಬಸ್ಸಿನಲ್ಲಿ ಬರುವಾಗ ಮಕ್ಕಳೆಲ್ಲ ಹಾಡು ಹೇಳುತ್ತಿದ್ದರು. ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಳು. ದಾರಿಯಲ್ಲಿ ಎಚ್ಚರವಾಗಿ, "ಗೆದ್ದವರು ಯಾರು, ಟೀಚರ್?" ಎಂದು ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆ ಪ್ರಶ್ನೆಯ ಅರ್ಥ ನನಗೆ ಗೊತ್ತಾದದ್ದು ಇಪ್ಪತ್ತೈದು ವರ್ಷದ ಮೇಲೆ, ಪಿಟ್ಸ್‌ಬರ್ಗಿನಲ್ಲಿ. ಆಮೇಲೆ ಅವಳು ಹತ್ತು ದಿನ ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಶೀಲ್ಡು ಇವತ್ತಿಗೂ ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಕಪಾಟಿನಲ್ಲಿದೆ.

ಬೇಕಂತಲೇ ಮಾಡಿದ್ದಲ್ಲ, ನಿಜ. ಹೊಟ್ಟೆಯ ಮಗಳಿಗಿಂತ ಹೆಚ್ಚಾಗಿ ಆ ಹುಡುಗಿಯರನ್ನು ನೋಡಿಕೊಂಡಿದ್ದೆ. ಆದರೆ ಅವಳು ಒಪ್ಪಿದ್ದು ಯಾರಿಗಾಗಿ? ನಾನು ಗೆಲುವು ಬೇಕೆಂಬ ಕಣ್ಣಿನಿಂದ ನೋಡುತ್ತಿದ್ದೆ. ಅವಳ ಗೆಳತಿಯರು ನೋಡುತ್ತಿದ್ದರು. ಆ ಕಣ್ಣುಗಳ ಮುಂದೆ ಹದಿನಾಲ್ಕು ವರ್ಷದ ಹುಡುಗಿ ಬೇರೆ ಏನು ಹೇಳಿಯಾಳು? "ಏನೂ ಆಗಿಲ್ಲ" ಎಂಬ ಮಾತನ್ನು ಆಡಿದವಳು ಅವಳು, ಆಡಿಸಿದವರು ನಾವು. ಜ್ವರ ಬಂದರೂ ಒಲೆಯ ಮುಂದೆ ನಿಂತು "ಏನಿಲ್ಲ, ಸ್ವಲ್ಪ ಮೈ ಬೆಚ್ಚಗಿದೆ ಅಷ್ಟೆ" ಎನ್ನುತ್ತಿದ್ದ ನನ್ನ ಅಮ್ಮನ ಮಾತೂ ಹೀಗೇ ಬಂದದ್ದಲ್ಲವೇ? ಆ ಮಾತು ಕೇಳಿ ನಾವು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಿದ್ದೆವು. ತಾಳುವವರು ತಾಳುತ್ತೇನೆ ಎಂದರೆ ಉಳಿದವರಿಗೆ ಎಷ್ಟು ಅನುಕೂಲ!

ಹಾಗಾದರೆ ಆಟವೇ ಬೇಡವೇ? ಹಾಗೆ ಹೇಳುವುದು ಸುಲಭ, ನನಗೆ ಅದು ಸರಿಯೆನಿಸುವುದಿಲ್ಲ. ಬೇರೆಯವರಿಗಾಗಿ ಮೈಯೊಡ್ಡಿ ನಿಲ್ಲುವುದರಲ್ಲಿ ಒಂದು ದೊಡ್ಡತನವಿದೆ. ವೆಬ್‌ಸ್ಟರ್ ಓಡಿಕೊಂಡು ತನ್ನ ಜಾಗಕ್ಕೆ ಬರುತ್ತಿದ್ದದ್ದು ದುಡ್ಡಿಗೆ ಮಾತ್ರ ಇರಲಾರದು. ಆ ದೊಡ್ಡತನವನ್ನು ಬಳಸಿಕೊಳ್ಳುವವರಿಗೆ ಮಾತ್ರ ಒಂದು ಋಣ ಉಂಟು. ಗೊತ್ತಿರುವ ಅಪಾಯವನ್ನು ಮುಚ್ಚಿಡದೆ ಮೊದಲೇ ಹೇಳುವುದು. ಆಡಬಹುದೇ ಬೇಡವೇ ಎಂಬುದನ್ನು ಪೆಟ್ಟು ತಿಂದವರ ಹಟಕ್ಕೂ ಬಿಡದೆ, ಗೆಲ್ಲಬೇಕೆನ್ನುವವರ ಆಸೆಗೂ ಬಿಡದೆ ಮೂರನೆಯವರಿಗೆ ಒಪ್ಪಿಸುವುದು. ಆಟ ಮುಗಿದ ಮೇಲೂ ಅವರ ಮನೆಯ ಕಡೆ ಒಮ್ಮೆ ಹೋಗಿ ನೋಡುವುದು. ಎರಡನೆಯದನ್ನು ಅಮೆರಿಕದವರು ತಡವಾಗಿಯಾದರೂ ಕಲಿತಿದ್ದಾರೆ. 2009ರಿಂದ, ತಲೆಗೆ ಪೆಟ್ಟು ಬಿದ್ದು ನೆನಪು ತಪ್ಪಿದ ಆಟಗಾರನನ್ನು ಅದೇ ದಿನ ಮತ್ತೆ ಆಡಿಸುವಂತಿಲ್ಲ. 2013ರಿಂದ, ತಂಡಕ್ಕೆ ಸೇರದ ನರರೋಗದ ವೈದ್ಯರು ಮೈದಾನದ ಅಂಚಿನಲ್ಲಿ ನಿಂತಿರುತ್ತಾರೆ. ಆದರೆ ಲೈನ್‌ಮನ್ ದಿನವೂ ತಿನ್ನುವ, ನೆನಪು ತಪ್ಪಿಸದ ಆ ಸಣ್ಣ ಪೆಟ್ಟುಗಳಿಗೆ ಇದರಿಂದ ಮದ್ದಾಗುವುದಿಲ್ಲ.

ಊರಿಗೆ ಬಂದ ಮೇಲೆ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಹುಡುಕುವುದೇನು ಬಂತು, ನಮ್ಮೂರ ಪೇಟೆಬೀದಿಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಎರಡು ಮಕ್ಕಳ ತಾಯಿ, ಆರೋಗ್ಯವಾಗಿದ್ದಾಳೆ, ದೇವರು ದೊಡ್ಡವನು. ನಾನು ಆ ದಿನದ ಮಾತು ತೆಗೆದಾಗ ಮಿಷನ್ ನಿಲ್ಲಿಸಿ ಜೋರಾಗಿ ನಕ್ಕಳು.

"ಆ ಮ್ಯಾಚಿನ ಕೊನೆ ನನಗೆ ಈಗಲೂ ನೆನಪಿಲ್ಲ, ಟೀಚರ್. ಗೆದ್ದೆವು ಅಂತ ನೀವೆಲ್ಲ ಹೇಳಿದ್ದಷ್ಟೇ ಗೊತ್ತು. ರಾತ್ರಿಯೆಲ್ಲ ವಾಂತಿ ಆಯ್ತು. ಅಮ್ಮ ದೃಷ್ಟಿ ತೆಗೆದರು."

"ನನಗೆ ಒಂದು ಮಾತು ಹೇಳಬಾರದಿತ್ತೇನಮ್ಮ?"

ಅವಳು ಬಾಯಿಗೆ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟಳು. ಅವಳ ದನಿಯಲ್ಲಿ ದೂರು ಇರಲಿಲ್ಲ.

"ನೀವು ಆಡ್ತೀಯಾ ಅಂತ ಕೇಳಿದ್ರಿ, ಟೀಚರ್. ಏನಾಗ್ತಿದೆ ಅಂತ ಕೇಳಲಿಲ್ಲವಲ್ಲ."